ಹದಿನೇಳನೆಯ ಟ್ಯೂಬು ಓಗೊಡಲಿಲ್ಲ

೨೦೦೭ರಲ್ಲಿ ನಾನು ದೋಹಾದಲ್ಲಿ, ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಾಲಜಿಸ್ಟ್ ಆಗಿದ್ದೆ. ಈಗ ಮಂಗಳೂರಿನಲ್ಲಿ ಗೃಹಿಣಿ. ಮಗಳ ಟಿಫಿನ್ ಡಬ್ಬಿ, ಬೆಳಗಿನ ಮೀನಿನವಳ ಕೂಗು, ಭಾನುವಾರ ಇಗರ್ಜಿಯ ಪೂಜೆ, ಇವುಗಳ ನಡುವೆ ಆ ಕೆಲಸದ ಬಹುಪಾಲು ಮರೆತೇ ಹೋಗಿದೆ. ಒಂದು ಪ್ರಕರಣ ಮಾತ್ರ ಮನೆ ತೀರಾ ನಿಶ್ಶಬ್ದವಾದಾಗ ತಾನಾಗಿ ಎದ್ದು ಬರುತ್ತದೆ. ಆ ದಂಪತಿಯ ಗುರುತು ಯಾರಿಗೂ ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕ್ಲಿನಿಕ್ ಹಳೆಯದೊಂದು ವಿಲ್ಲಾದಲ್ಲಿತ್ತು. ಮೇಲೆ ಡಾಕ್ಟರರ ಕೋಣೆಗಳು, ಕೆಳಗೆ ನಮ್ಮ ಲ್ಯಾಬ್. ಒಳಗಿನ ಗಾಳಿ ಹೊರಗೆ ಹೋಗಬಾರದೆಂದು ಲ್ಯಾಬಿನ ಗಾಳಿಯ ಒತ್ತಡವನ್ನು ಸ್ವಲ್ಪ ಕಡಿಮೆ ಇಟ್ಟಿದ್ದರು. ಹಾಗಾಗಿ ಬಾಗಿಲು ತೆರೆದಾಗಲೆಲ್ಲ ಯಾರೋ ಬೆನ್ನ ಹಿಂದೆ ಉಸಿರೆಳೆದುಕೊಂಡ ಹಾಗೆ ಸದ್ದಾಗುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಪ್ರತಿ ಸಲವೂ ತಿರುಗಿ ನೋಡುತ್ತಿದ್ದೆ.

"ನೋಡ್ಬೇಡಿ ಬಾಯಿ, ನೋಡಿದ್ರೆ ಅದಕ್ಕೆ ಅಭ್ಯಾಸ ಆಗ್ತದೆ" ಎಂದು ಇಕ್ಬಾಲ್ ಭಾಯ್ ಹೆದರಿಸುತ್ತಿದ್ದರು.

ಇಕ್ಬಾಲ್ ಭಾಯ್ ನನ್ನ ಸೀನಿಯರ್, ಉಳ್ಳಾಲದ ಕಡೆಯ ಬ್ಯಾರಿ. ನಮ್ಮೂರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು 'ಬಾಯಿ' ಎನ್ನುತ್ತಿದ್ದರು. ಕೊಲ್ಲಿಯಲ್ಲಿ ಬಹಳ ವರ್ಷ ಕಳೆದವರಾದ್ದರಿಂದ ಅವರ ಮಾತಿನಲ್ಲಿ ಕನ್ನಡ, ಮಲಯಾಳ, ಹಿಂದಿ, ಅರಬ್ಬಿ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದವು. 'ಇಲ್ಲ' ಎನ್ನುವಲ್ಲೆಲ್ಲ ಅವರದು 'ಮಾಫಿ'. ಟೀ ಪುಡಿ ಮಾಫಿ, ಗ್ಲೌಸ್ ಮಾಫಿ, ಈ ತಿಂಗಳು ರಜೆ ಮಾಫಿ. ನಾನು ಹೊಸದರಲ್ಲಿ, ಇವರೇಕೆ ಎಲ್ಲದಕ್ಕೂ ಕ್ಷಮೆ ಕೇಳುತ್ತಾರೆ ಅಂದುಕೊಂಡಿದ್ದೆ. ನಮ್ಮಲ್ಲಿ ಮಾಫಿ ಎಂದರೆ ಕ್ಷಮೆ, ಬಾಕಿ ಮನ್ನಾ ಆಗುವುದು. ಅಲ್ಲಿ ಅದು ಬರೀ 'ಇಲ್ಲ'.

ಆ ವರ್ಷ ನಮ್ಮಲ್ಲಿಗೆ ಬಂದ ದಂಪತಿಯ ಹೆಸರು ನಮಗೆ ತಿಳಿಸಿರಲಿಲ್ಲ. ಅವರ ಫೈಲಿಗೂ ಟ್ಯೂಬಿಗೂ ಇದ್ದದ್ದು ಒಂದು ಸಂಖ್ಯೆ, ಹದಿನೇಳು. ಗಂಡ ಆ ದೇಶದವನೇ. ಬಾಲ್ಯದಲ್ಲಿ ಹೊರದೇಶದ ಆಸ್ಪತ್ರೆಯಲ್ಲಿ ಕೊಟ್ಟ ರಕ್ತದಿಂದ ಎಚ್‌ಐವಿ ತಗುಲಿತ್ತು. ನಮ್ಮಂಥ ಪರದೇಶದವರಲ್ಲಿ ಅದು ಪತ್ತೆಯಾದರೆ ವೀಸಾ ರದ್ದು, ಊರಿನ ವಿಮಾನ. ಹಾಗಾಗಿ ಆ ಮೂರಕ್ಷರವನ್ನು ಲ್ಯಾಬಿನಲ್ಲೂ ನಾವು ಜೋರಾಗಿ ಹೇಳುತ್ತಿರಲಿಲ್ಲ. ಹೆಂಡತಿಗೆ ಸೋಂಕಿರಲಿಲ್ಲ. ಆಕೆಗೆ ಒಂದು ಮಗು ಬೇಕಿತ್ತು.

ಇದಕ್ಕೊಂದು ದಾರಿಯಿದೆ. ವೈರಸ್ ಇರುವುದು ಹೆಚ್ಚಾಗಿ ವೀರ್ಯದ ದ್ರವದಲ್ಲಿ ಮತ್ತು ಅದರೊಳಗಿನ ಬೇರೆ ಜೀವಕೋಶಗಳಲ್ಲಿ. ವೀರ್ಯಾಣುಗಳನ್ನು ಅದರಿಂದ ಬೇರ್ಪಡಿಸಬಹುದು. ದಪ್ಪನೆಯ ದ್ರಾವಣವೊಂದರ ಮೇಲೆ ವೀರ್ಯವನ್ನು ಮೆಲ್ಲಗೆ ಹೊಯ್ದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಆರೋಗ್ಯವಂತ ವೀರ್ಯಾಣುಗಳು ತಳಕ್ಕಿಳಿಯುತ್ತವೆ, ಉಳಿದದ್ದು ಮೇಲೆ ನಿಲ್ಲುತ್ತದೆ. ತಳದ್ದನ್ನು ತೆಗೆದು ತೊಳೆಯುತ್ತೇವೆ. ತೊಳೆದದ್ದರಲ್ಲಿ ಒಂದು ಪಾಲನ್ನು ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಹೆಪ್ಪುಗಟ್ಟಿಸಿ ಇಡುತ್ತೇವೆ. ಇನ್ನೊಂದು ಪಾಲು ಪರೀಕ್ಷೆಗೆ. ಅದರಲ್ಲಿ ವೈರಸ್ ಇಲ್ಲವೆಂದು ಖಚಿತವಾದರೆ ಮಾತ್ರ ಹೆಪ್ಪುಗಟ್ಟಿಸಿದ್ದನ್ನು ಕರಗಿಸಿ ಹೆಂಡತಿಯ ಗರ್ಭಕೋಶಕ್ಕೆ ಸೇರಿಸುತ್ತಾರೆ.

ಗಂಡನ ರಕ್ತದಲ್ಲಿ ವೈರಸ್ ಪತ್ತೆಯಾಗುತ್ತಿಲ್ಲ ಎಂಬ ವರದಿ ಫೈಲಿನಲ್ಲಿತ್ತು. ಆದರೆ ರಕ್ತವೂ ವೀರ್ಯವೂ ಒಂದೇ ಮನೆಯ ಎರಡು ಕೋಣೆ ಇದ್ದ ಹಾಗೆ. ಔಷಧಿ ಒಂದು ಕೋಣೆಯನ್ನು ಗುಡಿಸಿದ ಮೇಲೂ ಇನ್ನೊಂದರಲ್ಲಿ ಯಾರಾದರೂ ಉಳಿದುಕೊಂಡಿರಬಹುದು. ಆ ಕೋಣೆಯ ಬಾಗಿಲು ತಟ್ಟಿ ನೋಡುವುದೇ ನಮ್ಮ ಕೆಲಸ.

ತಟ್ಟುವ ಯಂತ್ರದ ಹೆಸರು ಪಿಸಿಆರ್. ವೈರಸ್ಸಿನ ಒಂದು ತುಣುಕು ಸಿಕ್ಕರೆ ಅದು ಒಂದನ್ನು ಎರಡು, ಎರಡನ್ನು ನಾಲ್ಕು ಮಾಡುತ್ತ ಸುತ್ತು ಸುತ್ತಾಗಿ ಬೆಳೆಸುತ್ತದೆ. ಬೆಳೆದಷ್ಟೂ ಟ್ಯೂಬಿನೊಳಗೆ ಕಣ್ಣಿಗೆ ಕಾಣದ ಬೆಳಕು ಹೆಚ್ಚುತ್ತದೆ, ಯಂತ್ರ ಅದನ್ನು ಅಳೆದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಗೆರೆ ಬೇಗ ಏರಿದರೆ ವೈರಸ್ ಹೆಚ್ಚು, ತಡವಾಗಿ ಏರಿದರೆ ಕಡಿಮೆ. ಏರದೆ ಮಲಗಿದ್ದರೆ ಇಲ್ಲ ಎನ್ನಬಹುದು, ಒಂದು ಷರತ್ತಿನ ಮೇಲೆ.

ಆ ಷರತ್ತನ್ನು ನನಗೆ ಲ್ಯಾಬಿಗಿಂತ ಮೊದಲು ಕಾನ್ವೆಂಟ್ ಕಲಿಸಿತ್ತು. ನಮ್ಮ ಕ್ಲಾಸಿನ ಸಿಸ್ಟರಿಗೆ ಕಿವಿ ಮಂದ, ಯಂತ್ರ ಹಾಕುತ್ತಿದ್ದರು. ಹಾಜರಿ ಕರೆಯುವಾಗ ಅವರು ಪಟ್ಟಿಯ ಮೊದಲ ಹೆಸರಿಂದ ಶುರು ಮಾಡುತ್ತಿರಲಿಲ್ಲ. ತಮ್ಮ ಮೂಗಿನೆದುರೇ ಕೂರುವ ಫಿಲೋಮಿನಾಳನ್ನು ಕರೆಯುತ್ತಿದ್ದರು. ಅವಳು "ಪ್ರೆಸೆಂಟ್ ಸಿಸ್ಟರ್" ಅಂದದ್ದು ಕೇಳಿಸಿದರೆ ಮುಂದಿನ ಹೆಸರು. ಕೇಳಿಸದಿದ್ದರೆ ಕಿವಿಯ ಯಂತ್ರವನ್ನು ತಟ್ಟಿ ಸರಿಮಾಡಿಕೊಳ್ಳುತ್ತಿದ್ದರು. "ಎದುರಿಗಿರುವ ಫಿಲೋಮಿನಾಳೇ ಕೇಳಿಸದ ದಿನ ನಾನು ಯಾರನ್ನೂ ಆಬ್ಸೆಂಟ್ ಅಂತ ಬರೆಯಲಿಕ್ಕಿಲ್ಲ" ಎನ್ನುತ್ತಿದ್ದರು. ಪಿಸಿಆರ್‌ನಲ್ಲೂ ಒಬ್ಬಳು ಫಿಲೋಮಿನಾ ಇದ್ದಾಳೆ. ಇಂಟರ್ನಲ್ ಕಂಟ್ರೋಲ್ ಎಂದು ಅದರ ಹೆಸರು. ನಿರುಪದ್ರವಿಯಾದ ಒಂದು ತುಣುಕನ್ನು ನಾವೇ ಪ್ರತಿ ಟ್ಯೂಬಿಗೂ ಬೆರೆಸಿರುತ್ತೇವೆ. ಅದರ ಗೆರೆ ಏರಲೇಬೇಕು. ಏರಿದರೆ ಮಾತ್ರ ವೈರಸ್ಸಿನ ಮೌನಕ್ಕೆ ಬೆಲೆ.

ಆ ದಿನ ಬೆಳಿಗ್ಗೆ ಧೂಳಿನ ಗಾಳಿ ಎದ್ದಿತ್ತು. ನಜ್ಮಾ ಬಡಾವಣೆಯ ನಮ್ಮ ಮನೆಯಿಂದ ಬಸ್ಸಿಗೆ ನಡೆದು ಬರುವಾಗ ಕೆಳಗಿನ ಟೈಲರ್ ಅಂಗಡಿಯವನು ಗಾಜಿನ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದ. ಲ್ಯಾಬಿನ ಹೊರ ಕೋಣೆಯ ಸಣ್ಣ ಕಿಟಕಿಯಲ್ಲಿ ದಿನಾ ಕಾಣುವ ವೆಸ್ಟ್ ಬೇಯ ಗೋಪುರಗಳು, ಕ್ರೇನುಗಳು ಯಾವುದೂ ಇರಲಿಲ್ಲ. ಅರಿಸಿನ ಕಲಸಿದ ಹಾಗೆ ಒಂದು ಬಣ್ಣ, ಅಷ್ಟೇ. ನನ್ನವರು ಅಲ್ಲೇ ಒಂದು ಕಟ್ಟಡದಲ್ಲಿ ಆಗಲೇ ಕೆಲಸಕ್ಕೆ ಕೂತಿದ್ದರು.

ಹದಿನೇಳರ ತೊಳೆದ ಪಾಲಿನ ಪರೀಕ್ಷೆಯನ್ನು ಅಂದು ಬೆಳಿಗ್ಗೆಯೇ ಹಾಕಿದ್ದೆವು. ಹೆಂಡತಿಗೆ ಹಾರ್ಮೋನ್ ಇಂಜೆಕ್ಷನ್ ಆಗಿತ್ತು, ಅಂಡ ಬಿಡುಗಡೆಯಾಗುವ ದಿನ ಅದು. ಮಧ್ಯಾಹ್ನದೊಳಗೆ ನಾವು ಹೇಳಬೇಕಿತ್ತು.

ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಎದ್ದವು. ಬೇರೆ ರೋಗಿಗಳ ರಕ್ತದ ಟ್ಯೂಬುಗಳು, ಬರೀ ನೀರಿನ ಟ್ಯೂಬು, ಎಲ್ಲದರಲ್ಲೂ ಫಿಲೋಮಿನಾ ಓಗೊಟ್ಟಳು. ಹದಿನೇಳರಲ್ಲಿ ವೈರಸ್ಸಿನ ಗೆರೆ ಏಳಲಿಲ್ಲ. ಸಮಾಧಾನದ ಉಸಿರು ಬಿಡುವಷ್ಟರಲ್ಲಿ ನೋಡಿದರೆ ಕಂಟ್ರೋಲಿನ ಗೆರೆಯೂ ಇಲ್ಲ. ನನ್ನ ಕೈಯಾರೆ ಬೆರೆಸಿದ್ದು. ಜೋಡಿಗೆಂದು ಇಟ್ಟಿದ್ದ ಎರಡನೆಯ ಟ್ಯೂಬಿನಲ್ಲೂ ಹಾಗೆಯೇ. ಎರಡು ಗೆರೆಗಳೂ ನೆಲಕ್ಕಂಟಿ ಕೊನೆಯವರೆಗೆ ಹೋಗಿದ್ದವು. ಒಂದು ಮನೆಗೆ ನಮ್ಮವಳೊಬ್ಬಳನ್ನು ಕಳಿಸಿ, ಹೊರಗೆ ನಿಂತು ಕೂಗಿದರೆ ಅವಳೂ ಉತ್ತರಿಸದಿದ್ದ ಹಾಗೆ.

"ಹಾಕುವಾಗ ಮರೆತ್ರಾ ಬಾಯಿ?" ಇಕ್ಬಾಲ್ ಭಾಯ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಎಲ್ಲದಕ್ಕೂ ಒಂದೇ ಬಾಟ್ಲಿಯಿಂದ ಹಾಕಿದ್ದು. ನೀವೂ ನೋಡ್ತಾ ಇದ್ರಿ."

"ನೋಡಿದ್ದೆ ಮಾರಾಯ್ರೆ." ಅವರು ತಮಾಷೆ ಮಾಡಲಿಲ್ಲ. "ಮತ್ತೆ ಎಲ್ಲಿ ಹೋಯ್ತು ಅದು?"

ಇಬ್ಬರಿಗೂ ಕಾರಣದ ಅಂದಾಜು ಇತ್ತು. ನಮ್ಮ ಕಿಟ್ ರಕ್ತಕ್ಕೆಂದು ಮಾಡಿದ್ದು. ವೀರ್ಯದಲ್ಲಿರುವ ಕೆಲವು ವಸ್ತುಗಳು, ತೊಳೆಯಲು ಬಳಸುವ ದ್ರಾವಣ ಕೂಡ, ಪಿಸಿಆರ್‌ನ ಕಿಣ್ವದ, ತುಣುಕು ಬೆಳೆಸುವ ವಸ್ತುವಿನ, ಕತ್ತು ಹಿಸುಕುತ್ತವೆ. ಓದಿ ತಿಳಿದಿದ್ದೆ. ಆದರೂ ಆ ಎರಡು ಸಪಾಟು ಗೆರೆಗಳನ್ನು ನೋಡುತ್ತ ಕೂತಾಗ ತೋಳಿನ ರೋಮ ನಿಂತಿತ್ತು.

ಅಷ್ಟರಲ್ಲಿ ಫೋನ್ ಬಂತು. ಮೇಲಿನ ಮಹಡಿಯ ನರ್ಸ್ ಶೀಜಾ, ಕೊಟ್ಟಾಯಂನವಳು. ಇಕ್ಬಾಲ್ ಭಾಯ್ ಎತ್ತಿಕೊಂಡು, "ಹದಿನೇಳಾ? ಮಾಫಿ ಮೋಳೇ, ಮಾಫಿ. ಖಲಾಸ್" ಎಂದು ಇಟ್ಟರು. ನಾನು ಹೊಸ ಕಿಟ್ ತರಲೆಂದು ಮೇಲಿನ ಫ್ರಿಜ್ಜಿಗೆ ಹೊರಟೆ. ಬಾಗಿಲು ಉಸಿರೆಳೆದುಕೊಂಡಿತು.

ಮೇಲಿನ ಕಾರಿಡಾರಿನಲ್ಲಿ ಹದಿನೇಳರ ಫೈಲಿನ ಹೆಂಡತಿ ನಿಂತಿದ್ದಳು. ಆಕೆಯನ್ನು ನಾನು ಹಿಂದೆಯೂ ಕಂಡಿದ್ದೆ. ಕಂಡಿದ್ದೆ ಎಂದರೆ ಕಣ್ಣುಗಳನ್ನು, ಮತ್ತು ಕೈಗಳನ್ನು. ಅಬಾಯಾದ ತೋಳಿನ ಅಂಚಿಗೆ ಸಾಲಾಗಿ ಕಪ್ಪು ಮಣಿಗಳು. ಎಡಗೈ ಕಡೆ ಒಂದು ಮಣಿ ಉದುರಿ ದಾರ ಮಾತ್ರ ಉಳಿದಿತ್ತು. ಕಿಟಕಿಯ ಹೊರಗಿನ ಹಳದಿ ಧೂಳಿನ ಬೆಳಕಿನಲ್ಲಿ ಆ ಕಪ್ಪು ಆಕೃತಿ ಗೋಡೆಯಿಂದ ಕತ್ತರಿಸಿ ತೆಗೆದ ಹಾಗಿತ್ತು. ಲ್ಯಾಬ್ ಕೋಟು ಕಂಡದ್ದೇ ಆಕೆ ನನ್ನ ಕಡೆ ಬಂದು ಎರಡೂ ಕೈ ಹಿಡಿದುಕೊಂಡಳು.

"ಮಾಫಿ" ಎಂದಳು. ಕಣ್ಣು ತುಂಬಿತ್ತು. "ಅಲ್‌ಹಮ್ದುಲಿಲ್ಲಾ. ಮಾಫಿ."

ಒಂದು ಕ್ಷಣ ನನಗೆ ಕೇಳಿಸಿದ್ದು ನಮ್ಮೂರಿನ ಮಾಫಿ. ಯಾರೋ ಏನನ್ನೋ ಮನ್ನಾ ಮಾಡಿದರು ಎಂಬಂತೆ ನಾನೂ ನಕ್ಕೆ. ಮರುಕ್ಷಣ ಅರ್ಥವಾಯಿತು. ಕೆಳಗೆ ಫೋನಿನಲ್ಲಿ ಇಕ್ಬಾಲ್ ಭಾಯ್ ಹೇಳಿದ ಮಾಫಿ, ರಿಸಲ್ಟ್ ಇಲ್ಲ, ಬರಲಿಲ್ಲ ಎಂಬ ಮಾಫಿ. ಶೀಜಾ ಕೇಳಿಸಿಕೊಂಡದ್ದು, ಆಕೆಗೆ ಹೇಳಿದ್ದು, ವೈರಸ್ ಇಲ್ಲ ಎಂದು. ಅವರ ಖಲಾಸ್ ಎಂದರೆ ಈ ಪರೀಕ್ಷೆ ಕೆಟ್ಟಿತು. ಶೀಜಾಳ ಖಲಾಸ್ ಎಂದರೆ ಕೆಲಸ ಮುಗಿಯಿತು, ಮುಂದುವರಿಯಬಹುದು. ಒಂದೇ ಮಾತು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಬೇರೆಯಾಗಿತ್ತು.

ಕೈ ಬಿಡಿಸಿಕೊಂಡು ಪಕ್ಕದ ಕೋಣೆಗೆ ಓಡಿದೆ. ನೈಟ್ರೋಜನ್ ಡಬ್ಬಿಯ ಮುಚ್ಚಳ ತೆಗೆದಿತ್ತು. ಬಿಳಿ ಆವಿ ಅಂಚಿನಿಂದ ಇಳಿದು ನೆಲದ ಮೇಲೆ ನನ್ನ ಚಪ್ಪಲಿಯವರೆಗೆ ಹರಿದು ಬಂತು. ಶೀಜಾ ದಪ್ಪ ಕೈಗವಸು ಹಾಕಿಕೊಂಡು ಹದಿನೇಳರ ಹೆಪ್ಪುಗಟ್ಟಿದ ಪಾಲಿದ್ದ ಕಡ್ಡಿಯನ್ನು ಹುಡುಕುತ್ತಿದ್ದಳು.

"ಶೀಜಾ, ಮುಚ್ಚು. ರಿಸಲ್ಟ್ ಆಗಿಲ್ಲ."

"ಮಾಫಿ ಅಂತ ಇಕ್ಕಾ ಹೇಳಿದ್ರಲ್ಲ ಚೇಚಿ?" ಇಕ್ಬಾಲ್ ಭಾಯ್ ಅವಳಿಗೆ ಇಕ್ಕಾ, ಅಂದರೆ ಅಣ್ಣ; ನಾನು ಚೇಚಿ, ಅಕ್ಕ.

"ರಿಸಲ್ಟೇ ಮಾಫಿ."

ಅವಳು ನನ್ನ ಮುಖ ನೋಡಿದಳು. ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಹಾಗೇ ನಿಂತಳು, ಒಳಗಿನಿಂದ ಯಾರೋ ತೆರೆದುಬಿಡುತ್ತಾರೋ ಎಂಬಂತೆ.

ಆ ದಂಪತಿಯ ವೈದ್ಯೆ ಡಾ. ಹನಾನ್ ಸುಡಾನಿನವರು; ವಿಷಯ ತಿಳಿದು ಆ ಕೋಣೆಗೇ ಬಂದರು. ಕೋಪ ಬಂದರೆ ದನಿ ಇನ್ನೂ ಮೃದುವಾಗುತ್ತಿತ್ತು. ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಇಷ್ಟು: "ಗಂಡನ ರಕ್ತ ಸ್ವಚ್ಛವಾಗಿದೆ. ನೀವು ತೊಳೆದಿದ್ದೀರಿ. ವೈರಸ್ ಕಂಡಿಲ್ಲ. ಈ ಹೆಂಗಸು ಈ ದಿನಕ್ಕಾಗಿ ಎಷ್ಟು ಸೂಜಿ ಚುಚ್ಚಿಸಿಕೊಂಡಿದ್ದಾಳೆ ಗೊತ್ತೇ? ಪರೀಕ್ಷೆ 'ಇಲ್ಲ' ಎಂದ ಮೇಲೆ ನಿಮ್ಮದೇನು ಅಡ್ಡಿ?"

"ಪರೀಕ್ಷೆ 'ಇಲ್ಲ' ಎಂದಿಲ್ಲ ಡಾಕ್ಟರ್" ಎಂದೆ. "ಪರೀಕ್ಷೆ ಏನನ್ನೂ ಎಂದಿಲ್ಲ."

ಅವರು ಗೋಡೆಯ ಗಡಿಯಾರ ನೋಡಿದರು. "ಅಂಡ ಸಂಜೆಯವರೆಗೆ ಕಾಯುತ್ತದೆ. ಅಷ್ಟರಲ್ಲಿ ಅದನ್ನು ಮಾತಾಡಿಸಿ" ಎಂದರು.

ಕಾರಿಡಾರಿನಲ್ಲಿ ಆಕೆ ಇನ್ನೂ ಅಲ್ಲೇ ಇದ್ದಳು. ನನ್ನ ಓಟವನ್ನು ನೋಡಿದ್ದಳು. ಈ ಸಲ ಕೈ ಹಿಡಿಯಲಿಲ್ಲ. "ಮಾಫಿ?" ಎಂದಳು, ಪ್ರಶ್ನೆಯಾಗಿ. ನನ್ನ ಅರಬ್ಬಿ ತರಕಾರಿ ಅಂಗಡಿಯಿಂದ ಮುಂದೆ ಹೋದದ್ದಲ್ಲ. ಹೌದು ಎಂದರೂ ಸುಳ್ಳು, ಇಲ್ಲ ಎಂದರೂ ಸುಳ್ಳು. ಉಳಿದಿದ್ದದ್ದು ಒಂದೇ ಮಾತು.

"ಮಾ ಅದ್ರಿ" ಎಂದೆ. ನನಗೆ ಗೊತ್ತಿಲ್ಲ.

ಕೊಲ್ಲಿಯ ಲ್ಯಾಬುಗಳಲ್ಲಿ ಈ ಮಾತನ್ನು ಯಾರೂ ಸುಲಭಕ್ಕೆ ಆಡುವುದಿಲ್ಲ. ಗೊತ್ತಿಲ್ಲ ಎಂದವನ ಕೆಲಸ ಗೊತ್ತಿದೆ ಎನ್ನುವವನಿಗೆ ಹೋಗುತ್ತದೆ ಎಂಬ ಭಯ. ಆಕೆ ನನ್ನನ್ನೇ ದಿಟ್ಟಿಸಿ ನೋಡಿ, ಮಣಿ ಉದುರಿದ ಜಾಗದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುರ್ಚಿಯಲ್ಲಿ ಕೂತಳು.

ಕೆಳಗೆ ಇಕ್ಬಾಲ್ ಭಾಯ್‌ಗೆ ವಿಷಯ ಹೇಳಿದಾಗ ಅವರು ಸ್ಟೂಲಿನ ಮೇಲೆ ಕುಸಿದರು. "ಯಾ ಅಲ್ಲಾ. ನಾನು ಹೇಳಿದ್ದೆಂತ, ಅವಳಿಗೆ ಹೋದದ್ದೆಂತ."

"ಈಗ ಅದನ್ನು ಮಾತಾಡಿಸ್ಬೇಕಂತೆ."

"ಮಾತಾಡ್ಸುವ. ಕತ್ತು ಹಿಡ್ದವನ ಕೈ ಸಡಿಲ ಮಾಡ್ಬೇಕು, ಅಷ್ಟೇ. ನೀರು ಬೆರೆಸುವ ಬಾಯಿ. ಐದು ಪಟ್ಟು, ಹತ್ತು ಪಟ್ಟು. ಅಡ್ಡಿ ಮಾಡುವುದು ತೆಳುವಾದ್ರೆ ಫಿಲೋಮಿನಾ ಬಾಯಿ ಬಿಡ್ತಾಳೆ." ನನ್ನ ಫಿಲೋಮಿನಾ ಅಷ್ಟು ಹೊತ್ತಿಗೆ ಅವರಿಗೂ ಪರಿಚಯದವಳಾಗಿದ್ದಳು.

ತೆಳುಮಾಡಿದ ಟ್ಯೂಬುಗಳ ಜೊತೆಗೆ ನಾನು ಇನ್ನೊಂದನ್ನು ಇಟ್ಟೆ. ಬೆಳಿಗ್ಗೆ ಚೆನ್ನಾಗಿ ಓಗೊಟ್ಟಿದ್ದ ನೀರಿನ ಟ್ಯೂಬಿನ ಹಾಗೆಯೇ ಮತ್ತೊಂದು ತಯಾರಿಸಿ, ಅಡ್ಡಿ ಅದರಿಂದಲೇ ಹೌದೇ ಎಂದು ತಿಳಿಯಲು ಹದಿನೇಳರದ್ದು ಒಂದೇ ಒಂದು ಸಣ್ಣ ಹನಿ ಸೇರಿಸಿದೆ. ಡಾ. ಹನಾನ್ ಮಧ್ಯಾಹ್ನ ಊಟ ಬಿಟ್ಟು ಕೆಳಗೆ ಬಂದರು. ಮೂವರೂ ಪರದೆಯೆದುರು ನಿಂತೆವು. ಯಂತ್ರದ ಫ್ಯಾನಿನ ಸದ್ದು, ಹೊರಗೆ ಗಾಳಿ ಗಾಜಿಗೆ ಮರಳನ್ನು ಉಜ್ಜುವ ಸದ್ದು, ಬೇರೇನಿಲ್ಲ.

ನೀರಿನ ಟ್ಯೂಬಿನ ಗೆರೆ ತನ್ನ ಹೊತ್ತಿಗೆ ಎದ್ದಿತು. ಅದರ ಪಕ್ಕದ್ದು, ಒಂದು ಹನಿ ಬಿದ್ದದ್ದು, ಏಳಲೇ ಇಲ್ಲ. ಬೆಳಿಗ್ಗೆ ಮಾತಾಡಿದಂಥದ್ದೇ ಒಂದು ಹನಿಗೆ ಮೂಕವಾಗಿತ್ತು.

"ಇದೇ" ಎಂದರು ಡಾ. ಹನಾನ್ ಮೆಲ್ಲಗೆ.

ಐದು ಪಟ್ಟು ತೆಳುಮಾಡಿದ್ದು ಅಳುಕುತ್ತ ಅರ್ಧ ಎದ್ದು ನಿಂತಿತು. ಹತ್ತು ಪಟ್ಟಿನದ್ದರಲ್ಲಿ ಫಿಲೋಮಿನಾ ಪೂರ್ತಿ ಓಗೊಟ್ಟಳು. ಈಗ ಕಿವಿ ತೆರೆದಿತ್ತು. ವೈರಸ್ಸಿನ ಗೆರೆ ಮಾತ್ರ ನೆಲದಲ್ಲೇ ಇತ್ತು. ಮೂವತ್ತನೇ ಸುತ್ತು ದಾಟಿತು. ಮೂವತ್ತೈದು ದಾಟಿತು. ಡಾ. ಹನಾನ್ ಕೈಗಡಿಯಾರ ನೋಡಿ ಬಾಗಿಲ ಕಡೆ ಹೆಜ್ಜೆ ಇಟ್ಟರು. ಇಕ್ಬಾಲ್ ಭಾಯ್ ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದವರು ಹಾಗೇ ನಿಂತರು. ಮೂವತ್ತೇಳರಲ್ಲಿ ಗೆರೆ ಒಮ್ಮೆ ಅಲುಗಿತು. ಆಮೇಲೆ ಅವಸರವಿಲ್ಲದೆ ಏರತೊಡಗಿತು. ಯಾರೂ ಇಲ್ಲವೆಂದು ಬೀಗ ಹಾಕಿ ಹೊರಡುವಾಗ ಒಳಗಿನ ಕೊನೆಯ ಕೋಣೆಯಿಂದ ಯಾರೋ "ಓ" ಎಂದ ಹಾಗೆ.

ಜೋಡಿ ಟ್ಯೂಬಿನಲ್ಲೂ ಅದೇ ಗೆರೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ. ನೀರಿನ ಟ್ಯೂಬಿನಲ್ಲಿ ವೈರಸ್ ಇರಲಿಲ್ಲ, ಆದ್ದರಿಂದ ಲ್ಯಾಬಿನ ಗಾಳಿಯಿಂದ ಬಿದ್ದದ್ದೂ ಅಲ್ಲ. ತೊಳೆದ ಮೇಲೂ ಅದು ಅಲ್ಲಿತ್ತು. ಬೆಳಿಗ್ಗೆಯಿಂದ ಅಲ್ಲೇ ಇತ್ತು, ಆಕೆ ನನ್ನ ಕೈ ಹಿಡಿದಾಗಲೂ.

ಡಾ. ಹನಾನ್ ಹೆಪ್ಪುಗಟ್ಟಿಸಿದ್ದನ್ನು ನಾಶಪಡಿಸಲು ಹೇಳಿ, ಮೆಟ್ಟಿಲು ಹತ್ತಿ ಆಕೆಯ ಪಕ್ಕದ ಕುರ್ಚಿಯಲ್ಲಿ ತಾವೇ ಹೋಗಿ ಕೂತರು. ಅಳು ನಮಗೆ ಕೇಳಿಸಲಿಲ್ಲ. ಸಂಜೆ ಶೀಜಾ ಕೆಳಗಿಳಿದು ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

"ಅವರು ಒಂದೇ ಮಾತು ಹೇಳಿದ್ದು ಚೇಚಿ" ಎಂದಳು. "ಗೊತ್ತಿಲ್ಲ ಅಂದವಳು ಎಲ್ಲಿ, ಮುಂದಿನ ಸಲವೂ ಅವಳೇ ನೋಡಲಿ ಅಂತ."

ಗಂಡನ ಆಸ್ಪತ್ರೆಯವರು ಔಷಧಿ ಬದಲಿಸಿದರು. ನಾವು ನಮ್ಮ ವಿಧಾನ ಬದಲಿಸಿದೆವು. ಬಂದದ್ದನ್ನು ಮೊದಲೇ ತೆಳುಮಾಡುವುದು, ಒಂದು ಹನಿಯ ಟ್ಯೂಬನ್ನು ಪ್ರತಿ ಸಲ ಜೊತೆಗಿಡುವುದು, ಕಂಟ್ರೋಲಿನ ಗೆರೆ ಏಳದೆ ವೈರಸ್ಸಿನ ಗೆರೆಯನ್ನು ನೋಡಲೂ ಬಾರದು ಎಂಬ ನಿಯಮ. ಫಲಿತಾಂಶವನ್ನು ಬಾಯಿಮಾತಿನಲ್ಲಿ ಹೇಳುವುದು ನಿಂತಿತು. ಮಾಫಿ ಎಂಬ ಪದವನ್ನು ಇಕ್ಬಾಲ್ ಭಾಯ್ ತಾವೇ ಲ್ಯಾಬಿನಿಂದ ಗಡೀಪಾರು ಮಾಡಿದರು. ಆಮೇಲೆ ಟೀ ಪುಡಿ ಮುಗಿದರೂ, "ನಾಟ್ ಡಿಟೆಕ್ಟೆಡ್, ಬಾಯಿ" ಎನ್ನುತ್ತಿದ್ದರು.

"ಡಬ್ಬಿ ಅಲ್ಲಾಡಿಸಿ ನೋಡಿದ್ರಾ?"

"ಕಂಟ್ರೋಲ್ ಪಾಸ್ ಉಂಟು. ಸಕ್ಕರೆ ಡಬ್ಬಿ ಸದ್ದು ಮಾಡ್ತಾ ಇದೆ."

ಚಳಿಗಾಲ ಶುರುವಾಗುವ ಹೊತ್ತಿಗೆ ಹೊಸ ಮಾದರಿ ಬಂತು. ಈ ಸಲ ಹದಿನೇಳರ ಎರಡೂ ಟ್ಯೂಬಿನಲ್ಲಿ ಫಿಲೋಮಿನಾ ಗಟ್ಟಿಯಾಗಿ ಓಗೊಟ್ಟಳು. ವೈರಸ್ಸಿನ ಗೆರೆ ಕೊನೆಯ ಸುತ್ತಿನವರೆಗೂ ಮಲಗಿತ್ತು. ಯಂತ್ರ ನಿಂತ ಮೇಲೂ ನಾನು ಎದ್ದೇಳಲಿಲ್ಲ. ಮತ್ತೊಮ್ಮೆ ಹಾಕಿದೆವು. ಅದೇ ಬಂತು. ವರದಿಯನ್ನು ನಾನೇ ಮೇಲೆ ತೆಗೆದುಕೊಂಡು ಹೋದೆ.

ಆಕೆ ಎದ್ದು ನಿಂತಳು. ತೋಳಿನ ಅಂಚಿನ ಮಣಿ ಹೊಲಿಸಿಕೊಂಡಿದ್ದಳು, ಉಳಿದವಕ್ಕಿಂತ ಒಂದಿಷ್ಟು ಹೊಳಪು ಹೆಚ್ಚು. "ಮಾಫಿ?" ಎಂದು ಕೇಳಿದಳು.

ಆ ಮಾತು ನನ್ನ ನಾಲಿಗೆಗೆ ಬರಲಿಲ್ಲ. ಶೀಜಾಳಿಂದ ಕಲಿತು ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳಿದೆ. "ಶುಫ್ನಾ. ಮಾ ಶುಫ್ನಾ ಶೈ." ನೋಡಿದೆವು. ಏನೂ ಕಾಣಲಿಲ್ಲ.

ಆಕೆಗೆ ವ್ಯತ್ಯಾಸ ತಿಳಿಯಿತು. ತಲೆಯಾಡಿಸಿ, ಡಾಕ್ಟರರ ಕೋಣೆಯ ಬಾಗಿಲನ್ನು ತಾನೇ ತಳ್ಳಿ ಒಳಗೆ ಹೋದಳು.

ಎರಡನೆಯ ಪ್ರಯತ್ನದಲ್ಲಿ ಗರ್ಭ ನಿಂತಿತು. ಆಕೆಯ ರಕ್ತವನ್ನು ತಿಂಗಳು ತಿಂಗಳೂ ಪರೀಕ್ಷಿಸಿದ್ದು ನಾನೇ. ಪ್ರತಿ ಸಲ ಮೊದಲು ಕಂಟ್ರೋಲಿನ ಗೆರೆ ನೋಡಿ, ಆಮೇಲೆ ಇನ್ನೊಂದನ್ನು. ಅದು ಒಮ್ಮೆಯೂ ಏಳಲಿಲ್ಲ. ಮಗು ಹುಟ್ಟಿದಾಗ ನಾನು ಕೆಲಸ ಬಿಟ್ಟಾಗಿತ್ತು. ನನಗೇ ದಿನ ತುಂಬುತ್ತಿತ್ತು. ಹೆಣ್ಣು ಮಗು, ತಾಯಿ ಮಗು ಇಬ್ಬರಿಗೂ ಸೋಂಕಿಲ್ಲ ಎಂದು ಶೀಜಾ ಫೋನ್ ಮಾಡಿ ಹೇಳಿದಳು. "ಕಂಟ್ರೋಲ್ ನೋಡಿದ್ರಾ?" ಎಂದು ಕೇಳಿದೆ. "ಎರಡು ಸಲ ಚೇಚಿ" ಎಂದಳು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಉತ್ತರ ಬಾರದಿರುವುದು 'ಇಲ್ಲ' ಎಂಬ ಉತ್ತರವಲ್ಲ. ಇಲ್ಲ ಎಂದು ಬರೆಯುವ ಮೊದಲು ನನ್ನ ಕಿವಿ ಕೇಳುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಕೇಳದಿದ್ದರೆ ಗೊತ್ತಿಲ್ಲ ಎನ್ನಬೇಕು, ಎದುರಿಗೆ ನಿಂತವರು ಎಷ್ಟೇ ಆಸೆಯಿಂದ ಕೈ ಹಿಡಿದಿರಲಿ.

ಈಗಲೂ ಹೊರಗಿನಿಂದ ಬಂದು ಬಾಗಿಲು ತೆರೆದಾಗ ಮನೆ ನಿಶ್ಶಬ್ದವಾಗಿದ್ದರೆ ನಾನು ಮಗಳ ಹೆಸರು ಕರೆಯುತ್ತೇನೆ. ತಕ್ಷಣ ಉತ್ತರ ಬರುವುದಿಲ್ಲ. ಚಪ್ಪಲಿ ಬಿಚ್ಚದೆ ಹೊಸ್ತಿಲಲ್ಲೇ ನಿಂತು ಇನ್ನೂ ಸ್ವಲ್ಪ ಕಾಯುತ್ತೇನೆ. ಕೆಲವರು ಓಗೊಡುವುದು ತಡವಾಗಿ.